ಗಾಳ ಹಾಕ ಹೊರಟವರಿಗೆ

ದೀಪಾವಳಿಯ ಸೂಟಿ ಮುಗಿದು ಶಾಲೆ ಆರಂಭವಾದ ಎರಡನೆಯ ದಿನ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನ ತಾಯಿ ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಎರಡು ತುಂಡಾಗಿ ಮುರಿದ ಬಿದಿರಿನ ಕೋಲು. “ಗುರುಗಳ, ಇದನ್ನ ಒಲಿಗೆ ಹಾಕಾಕಿ ಇದ್ದೆ. ನಿಮಗ ತೋರಿಸಿ ಹಾಕಬೇಕಂತ ತಂದೀನ್ರಿ. ಇನ್ನ ಕೆರಿ ಕಡೆ ಹೋಗಬ್ಯಾಡ ಅಂತ ನೀವೇ ಹೇಳ್ರಿ. ನನ್ನ ಮಾತ ಕೇಳೂದಿಲ್ಲ” ಎಂದರು.

ನಡೆದುದು ಇಷ್ಟು. ಸೂಟಿಯಲ್ಲಿ ಮೂವರು ಹುಡುಗರು ಗಾಳ ಹಾಕಲು ಕೆರೆಗೆ ಹೋಗಿದ್ದರು. ನೀರು ಹಿಂದೆ ಸರಿದು ಬಿಟ್ಟುಹೋದ ನೆಲ ಒಣಗಿದಂತೆ ಕಂಡಿತು. ನಮ್ಮ ಹುಡುಗ ನೀರಿನ ಅಂಚಿಗೆ ಹೋಗಿ ನಿಲ್ಲಬೇಕೆಂದು ನಾಲ್ಕು ಹೆಜ್ಜೆ ಇಟ್ಟ. ಐದನೆಯ ಹೆಜ್ಜೆಗೆ ಸೊಂಟದವರೆಗೆ ಹೂಳಿನಲ್ಲಿ ಇಳಿದುಬಿಟ್ಟ. ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ತಮ್ಮ ಕಂಬಳಿಯ ಒಂದು ತುದಿ ಎಸೆದು, ಉಳಿದ ಇಬ್ಬರ ಸಹಾಯದಿಂದ ಎಳೆದು ಹಾಕಿದರು. ತಾಯಿ ಇದನ್ನೆಲ್ಲ ಹೇಳುತ್ತಿರುವಾಗ ಹುಡುಗ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಮೆಲ್ಲಗೆ, “ಬೆಂಡು ಮುಳಗಿತ್ತರಿ ಸರ” ಎಂದ.

ಅವನನ್ನು ಬೈದೆವು, ಬೈಯಲೇಬೇಕಾಗಿತ್ತು. ಆದರೆ ಬೆಂಡು ಮುಳುಗಿದ್ದನ್ನು ಒಮ್ಮೆ ಕಂಡ ಹುಡುಗ ಮತ್ತೆ ಹೋಗದೆ ಇರುವುದಿಲ್ಲ ಎಂಬುದೂ ನಮಗೆ ಗೊತ್ತು. ಕದ್ದು ಹೋಗುವುದಕ್ಕಿಂತ ತಿಳಿದು ಹೋಗುವುದು ಲೇಸು ಎಂದು ಬಗೆದು ಈ ಪಾಠವನ್ನು ಬರೆಯುತ್ತಿದ್ದೇವೆ. ವಿದ್ಯಾರ್ಥಿ ಮಿತ್ರರ ಜೊತೆಗೆ ಪಾಲಕರೂ ಇದನ್ನು ಓದಬೇಕೆಂದು ನಮ್ಮ ಬಿನ್ನಹ.

ಮೊದಲು ನೀರಿನ ಮಾತು, ಮೀನಿನ ಮಾತು ಆಮೇಲೆ. ನಮ್ಮ ಭಾಗದ್ದು ಎರೆ ಭೂಮಿ. ಮಳೆಗೆ ಈ ಮಣ್ಣು ಕೊಚ್ಚಿಕೊಂಡು ಬಂದು ಕೆರೆಯ ತಳದಲ್ಲಿ ಕೂಡ್ರುತ್ತದೆ. ಸೊಲ್ಲಾಪುರದ ಹತ್ತಿರ ಆದಿಲಾ ಹಳ್ಳಕ್ಕೆ ಕಟ್ಟಿದ ಏಕರೂಖ ಕೆರೆ, ಅಂದರೆ ನಾವೆಲ್ಲ ಹಿಪ್ಪರಗಾ ಕೆರೆ ಎನ್ನುವುದು, 1871ರಲ್ಲಿ ಮುಗಿದದ್ದು. ನೂರೈವತ್ತು ವರ್ಷಗಳ ಹೂಳು ಎಷ್ಟಿದ್ದೀತು, ನೀವೇ ಊಹಿಸಿರಿ. ನೀರು ಸರಿದ ಮೇಲೆ ಈ ಹೂಳಿನ ಮೈ ಬಿಸಿಲಿಗೆ ರೊಟ್ಟಿಯಂತೆ ಹೊಪ್ಪಳಿಕೆಗಟ್ಟುತ್ತದೆ, ಬಿರುಕು ಬಿಡುತ್ತದೆ. ಕೆಳಗೆ ಮಾತ್ರ ಅಂಬಲಿಯಂತೆ ತೆಳ್ಳಗಿರುತ್ತದೆ. ಆದ್ದರಿಂದ ದನಕರುಗಳು ತುಳಿದು ಗಟ್ಟಿ ಮಾಡಿದ ದಾರಿಯನ್ನು ಬಿಟ್ಟು ನೀರಿಗೆ ಇಳಿಯಬಾರದು. ಕಲ್ಲು ಜೋಡಿಸಿದ ಒಡ್ಡು ಇದ್ದರೆ ಅಲ್ಲಿಯೇ ಕೂಡ್ರಬೇಕು. ಹೊಸ ಜಾಗವಾದರೆ ಕೋಲಿನಿಂದ ಮುಂದಿನ ನೆಲವನ್ನು ಚುಚ್ಚಿ ನೋಡಿ ಹೆಜ್ಜೆ ಇಡಬೇಕು. ಅಕಸ್ಮಾತ್ ಸಿಕ್ಕಿಬಿದ್ದರೆ ಕಾಲನ್ನು ಜಗ್ಗಿ ಜಗ್ಗಿ ತೆಗೆಯಲು ಹೋಗಬೇಡಿರಿ. ಜಗ್ಗಿದಷ್ಟೂ ಇಳಿಯುತ್ತೀರಿ. ಬೆನ್ನ ಮೇಲೆ ಮಲಗಿದಂತೆ ಮಾಡಿ, ಕೈ ಚಾಚಿ, ಮೈಯ ಭಾರವನ್ನು ಹರಡಿ, ಒಂದೊಂದೇ ಕಾಲನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕು.

ಹೊಳೆಯ ಅಪಾಯ ಬೇರೆ ಬಗೆಯದು. ಭೀಮೆಯಲ್ಲಿ, ಸೀನೆಯಲ್ಲಿ ಉಸುಕು ತೆಗೆದ ಕಡೆ ಆಳುದ್ದ ಗುಂಡಿಗಳಾಗಿವೆ. ಮೊಳಕಾಲುಮಟ್ಟ ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಗೆ ನೆಲವೇ ಸಿಗದು. ಇನ್ನು ಆಣೆಕಟ್ಟಿನ ನೀರು. ಉಜನಿಯ ಆಣೆಕಟ್ಟು 1980ರಲ್ಲಿ ಪೂರ್ಣಗೊಂಡ ಮೇಲೆ ನಮ್ಮ ಭೀಮೆ ತನ್ನ ಇಚ್ಛೆಯಿಂದ ಹರಿಯುವ ಹೊಳೆಯಾಗಿ ಉಳಿದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಡುತ್ತಾರೆ. ನಿನ್ನೆ ಒಣಗಿದ್ದ ಪಾತ್ರದಲ್ಲಿ ಇಂದು ಮೋಡವೇ ಇಲ್ಲದೆ ನೀರು ಬರುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಡಕು. “ಉಜನಿಯ ಬಾಗಿಲು ತೆರೆದಿಲ್ಲ, ಹೊಳೆಗೆ ನೀರು ಬರಲಾರದು” ಎಂದು ಹಲವರು ಧೈರ್ಯವಾಗಿ ಇಳಿಯುತ್ತಾರೆ. ನೀರಾ ನದಿಯು ಉಜನಿಯ ಕೆಳಗೆ, ನರಸಿಂಹಪುರದಲ್ಲಿ ಭೀಮೆಯನ್ನು ಕೂಡುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ. ವೀರ ಆಣೆಕಟ್ಟಿನಿಂದ ಬಿಟ್ಟ ನೀರು ಆ ದಾರಿಯಿಂದ ನಮ್ಮ ಕಡೆಗೆ ಬರುತ್ತದೆ. 2020ರ ಅಕ್ಟೋಬರದಲ್ಲಿ ಭೀಮೆಗೆ ಬಂದ ಪ್ರವಾಹವನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಿಕ್ಕಿಲ್ಲ. ಆದ್ದರಿಂದ ಹೊಳೆಗೆ ಹೋಗುವ ಮುನ್ನ ನೀರು ಬಿಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿಕೊಳ್ಳಬೇಕು. ಬಂಧಾರೆಯ ಮೇಲೆ ಕುಳಿತು ಗಾಳ ಹಾಕುವುದಂತೂ ಬೇಡವೇ ಬೇಡ. ಅಲ್ಲಿ ಪಾಚಿ, ಕೆಳಗೆ ಸುಳಿ.

ಗೆಳೆಯ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿರಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಮುಳುಗಿದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಗಾಳದ ಕೋಲು, ಟಾವೆಲ್ಲು, ಧೋತರ, ಹಗ್ಗ ಏನಾದರೂ ಚಾಚಿ, ನೀವು ದಂಡೆಯ ಮೇಲೆ ಮಲಗಿಕೊಂಡು ಎಳೆಯಬೇಕು. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಒಂದನ್ನು ಹಗ್ಗಕ್ಕೆ ಕಟ್ಟಿ ಹತ್ತಿರ ಇಟ್ಟುಕೊಂಡಿದ್ದರೆ ಅದೇ ತೆಪ್ಪವಾಗುತ್ತದೆ. ಹಿರಿಯರಿಲ್ಲದೆ ಹೋಗಬಾರದು ಎಂಬ ಮಾತಿಗೆ ನಮ್ಮಲ್ಲಿ ರಿಯಾಯತಿ ಇಲ್ಲ.

ಇನ್ನು ಮೀನು. ಗಾಳ ಹಾಕುವವನು ಮೊದಲು ನೋಡಬೇಕಾದುದು ಮೀನಿನ ಬಾಯಿಯನ್ನು. ಸೊಲ್ಲಾಪುರದ ಮೀನು ಪೇಟೆಯಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ ಈ ಮೂರನ್ನು ಸಾಲಾಗಿ ಇಟ್ಟು ನೋಡಿರಿ. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ. ಅದು ನೀರಿನ ಮೇಲ್ಭಾಗದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ರೋಹುವಿನ ತುಟಿಗೆ ಜಾಲರಿಯಂಥ ಅಂಚು. ಅದು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲದ ಬಾಯಿ ಕೆಳಮುಖ, ಅದರ ಊಟವೆಲ್ಲ ತಳದ ಕೆಸರಿನಲ್ಲಿ. ಒಂದೇ ಮನೆಯಲ್ಲಿ ಮೂರು ಅಂತಸ್ತಿನ ಬಾಡಿಗೆದಾರರಿದ್ದಂತೆ ಇವು ಒಂದಕ್ಕೊಂದು ಅಡ್ಡಬಾರದೆ ಬದುಕುತ್ತವೆ. ಅದಕ್ಕಾಗಿಯೇ ಕೆರೆಗಳಲ್ಲಿ ಮೂರರ ಮರಿಗಳನ್ನೂ ಕೂಡಿಸಿ ಬಿಡುತ್ತಾರೆ. ಬಾಯಿ ಎತ್ತ ತೆರೆದಿದೆ ಎಂಬುದು ತಿಳಿದರೆ ಎರೆಯನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದು ತಿಳಿಯಿತು. ಬೆಂಡನ್ನು ದಾರದ ಮೇಲೆ ಮೇಲಕ್ಕೋ ಕೆಳಕ್ಕೋ ಸರಿಸುವುದೆಲ್ಲ ಈ ಲೆಕ್ಕದ ಮೇಲೆಯೇ.

ಈ ಮೂರೂ ಮೂಲತಃ ಗಂಗಾ ಬಯಲಿನವು, ನಮ್ಮ ನೀರಿಗೆ ತಂದು ಬಿಟ್ಟವು. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದ ಹರಿಯುವ ಹೊಸ ನೀರೇ ಬೇಕು. ಹಾಗಾದರೆ ಕೆರೆಗೆ ಮರಿಗಳು ಎಲ್ಲಿಂದ ಬಂದವು? 1957ರ ಜುಲೈ 10ರಂದು ಓಡಿಶಾದ ಅಂಗುಲದಲ್ಲಿ ಹೀರಾಲಾಲ ಚೌಧುರಿ ಎಂಬ ವಿಜ್ಞಾನಿ, ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚಿ, ಈ ಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆ ಇಡುವಂತೆ ಮಾಡಿ ತೋರಿಸಿದರು. ಇಂದಿಗೂ ಜುಲೈ 10 ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ.

ಹೊಸಬನ ಗಾಳಕ್ಕೆ ಮೊದಲು ಬೀಳುವುದು ಬಹುಮಟ್ಟಿಗೆ ಇವಾವುವೂ ಅಲ್ಲ, ಚಿಲಾಪಿ. ಪುಸ್ತಕದ ಹೆಸರು ತಿಲಾಪಿಯಾ. ಆಫ್ರಿಕದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಕೆಲವು ಜಾತಿಗಳಲ್ಲಿ ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಮರಿ ಮಾಡುತ್ತದೆ. ಹೆದರಿದ ಮರಿಗಳು ಓಡಿ ಬಂದು ಮತ್ತೆ ತಾಯಿಯ ಬಾಯೊಳಗೆ ಅಡಗುತ್ತವೆ. ಹೀಗೆ ಕಾಪಾಡಿಕೊಂಡದ್ದರಿಂದಲೇ ಅದರ ಸಂತಾನ ಬೆಳೆದು, ಉಜನಿಯ ಹಿನ್ನೀರಿನಲ್ಲಿ ಈಗ ಎಲ್ಲಿ ನೋಡಿದರೂ ಚಿಲಾಪಿ. ನಮ್ಮ ಹೊಳೆಯ ಮೂಲನಿವಾಸಿ ಮೀನುಗಳಿಗೆ ಇದು ಒಳ್ಳೆಯದಲ್ಲ. ಆದ್ದರಿಂದ ಚಿಲಾಪಿ ಸಿಕ್ಕರೆ ಮನೆಗೆ ಒಯ್ಯಿರಿ, ಬೇರೆ ಮೀನಿನ ಸಣ್ಣ ಮರಿ ಸಿಕ್ಕರೆ ತಿರುಗಿ ಬಿಡಿರಿ ಎಂಬುದು ನಮ್ಮ ಸಲಹೆ. ಎತ್ತಿಕೊಳ್ಳುವಾಗ ಬೆನ್ನಿನ ಮುಳ್ಳುಗಳನ್ನು ಹಿಂದಕ್ಕೆ ಸವರಿ ಹಿಡಿಯಿರಿ, ಇಲ್ಲವಾದರೆ ಅಂಗೈ ಹರಿಯುತ್ತದೆ.

ಸಲಕರಣೆಗೆ ಹಣ ಚೆಲ್ಲಬೇಕಾಗಿಲ್ಲ. ರಾಟೆಯ ಕೋಲು, ಬಣ್ಣಬಣ್ಣದ ಕೃತಕ ಮೀನು ಇವೆಲ್ಲ ಅಂಗಡಿಯಲ್ಲಿ ಹುಡುಗರ ಕಣ್ಣು ಸೆಳೆಯುತ್ತವೆ. ಅವು ಮೀನಿಗಿಂತ ಮೊದಲು ಹುಡುಗರನ್ನು ಹಿಡಿಯಲು ಮಾಡಿದವು ಎಂದು ನಮಗೆ ಅನ್ನಿಸುತ್ತದೆ. ಎಂಟು ಹತ್ತು ಅಡಿಯ ಒಣಗಿದ ಬಿದಿರಿನ ಕೋಲು, ಅಷ್ಟೇ ಉದ್ದದ ನಾಯಲಾನ್ ದಾರ (ನಮ್ಮ ಕಡೆ ತಂಗೂಸು ಎನ್ನುತ್ತಾರೆ), ಒಂದೆರಡು ಸಣ್ಣ ಕೊಕ್ಕೆ ಇಷ್ಟು ಸಾಕು. ಕೊಕ್ಕೆಯ ನಂಬರಿನ ಲೆಕ್ಕ ತಿರುಗುಮುರುಗು. ನಂಬರು ದೊಡ್ಡದಾದಂತೆ ಕೊಕ್ಕೆ ಚಿಕ್ಕದು. ಹತ್ತನೆಯ ನಂಬರಿನಿಂದ ಆರಂಭಿಸಿರಿ. ಭಾರಕ್ಕೆ ಸೀಸದ ಗುಂಡಿಗಿಂತ ಸೈಕಲ್ಲಿನ ಸಣ್ಣ ನಟ್ಟು ಒಳ್ಳೆಯದು. ಸೀಸ ನೀರಿನಲ್ಲಿ ಉಳಿದರೆ ಅದನ್ನು ನುಂಗುವ ಹಕ್ಕಿಗಳಿಗೆ ವಿಷ.

ಕೊಕ್ಕೆ ಕಟ್ಟುವ ಗಂಟನ್ನು ಮನೆಯಲ್ಲಿಯೇ ಕಲಿತು ಹೋಗಬೇಕು. ತಂಗೂಸಿನ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ಪೋಣಿಸಿ ಅರ್ಧ ಗೇಣು ಹೊರಗೆಳೆಯಿರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸುತ್ತು ಸುತ್ತಿರಿ. ಕಣ್ಣಿನ ಹತ್ತಿರ ಉಳಿದ ಸಣ್ಣ ಕುಣಿಕೆಯೊಳಗೆ ತುದಿಯನ್ನು ತೂರಿಸಿ, ಎಂಜಲು ಹಚ್ಚಿ ತೋಯಿಸಿ, ನಿಧಾನವಾಗಿ ಬಿಗಿಯಿರಿ. ಒಣದಾರವನ್ನು ಜಗ್ಗಿದರೆ ತಿಕ್ಕಾಟಕ್ಕೆ ಬಿಸಿಯಾಗಿ ಅದರ ಶಕ್ತಿ ಕುಂದುತ್ತದೆ.

ಬೆಂಡಿಗೆ ಜೋಳದ ದಂಟಿನ ತಿರುಳೇ ಸಾಕು. ಹಗುರವಾದ, ಟೊಳ್ಳಾದ ತಿರುಳಿಗೆ ಕನ್ನಡದಲ್ಲಿ ಬೆಂಡು ಎಂದೇ ಹೆಸರು. ದುಡಿದು ಸೋತವನನ್ನು ಬೆಂಡಾದ ಎನ್ನುವುದೂ ಇದರಿಂದಲೇ, ಒಳಗಿನ ಸತ್ವ ಹೋಗಿ ಹಗುರಾದ ಎಂಬ ಭಾವದಲ್ಲಿ. ಎರೆ ಎಂಬ ಶಬ್ದವನ್ನೂ ನೋಡಿರಿ. ನಾವು ಉಳುವುದು ಎರೆ ಭೂಮಿ, ಕೊಕ್ಕೆಗೆ ಸಿಕ್ಕಿಸುವುದು ಎರೆ, ಅದಕ್ಕೆ ಬೇಕಾದುದು ಎರೆಹುಳು, ದೀಪಾವಳಿಯ ಬೆಳಗಿನಲ್ಲಿ ತಲೆಗೆ ನೀರು ಎರೆಯುವುದು. ಒಂದು ರೂಪ, ಹಲವು ಅರ್ಥ. ಮರಾಠಿಯಲ್ಲಿ ಗಾಳಕ್ಕೆ ಗಳ ಎನ್ನುವರೆಂಬುದು ನಿಮಗೆ ಗೊತ್ತೇ ಇದೆ. ಎರಡು ಭಾಷೆ ಬಲ್ಲವರಿಗೆ ಈ ದಂಡೆಯ ಮೀನುಗಾರನೂ ಆ ದಂಡೆಯ ಮೀನುಗಾರನೂ ಗುರುಗಳಾಗುತ್ತಾರೆ.

ಎರೆಹುಳು ತಿಪ್ಪೆಯ ಬುಡದಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಆಳಕ್ಕೆ ಇಳಿದುಬಿಡುವುದರಿಂದ ಆಗ ಹಿಟ್ಟೇ ಗತಿ. ಜೋಳದ ಹಿಟ್ಟಿಗೆ ಅರ್ಧದಷ್ಟು ಗೋಧಿ ಹಿಟ್ಟು ಕೂಡಿಸಿ, ಗಟ್ಟಿಯಾಗಿ ನಾದಿ, ಸ್ವಲ್ಪ ಹತ್ತಿಯ ಎಳೆಯನ್ನು ಬೆರೆಸಿದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಬರಿಯ ಜೋಳದ ಹಿಟ್ಟಿಗೆ ಜಿಗುಟು ಕಡಿಮೆ, ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಶೇಂಗಾ ಹಿಂಡಿಯ ಒಂದು ಹಿಡಿ ಪುಡಿಯನ್ನು ಮೊದಲೇ ನೀರಿಗೆ ಚೆಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತರೆ ಮೀನುಗಳು ಆ ಜಾಗಕ್ಕೆ ಕೂಡುತ್ತವೆ.

ಹೀಗೆ ಮೊದಲು ಉಣಿಸಿ ಆಮೇಲೆ ಹಿಡಿಯುವ ಕ್ರಮ ಇಂದಿನದಲ್ಲ. ಅಕ್ಕಲಕೋಟೆಯಿಂದ ಪೂರ್ವಕ್ಕೆ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಬಗೆಗಳು, ಅವು ವಾಸಿಸುವ ನೀರು, ಯಾವ ಮೀನಿಗೆ ಯಾವ ತಿನಿಸು, ಕೋಲು, ದಾರ, ಕೊಕ್ಕೆ ಎಲ್ಲವನ್ನೂ ಅರಸನು ವಿವರಿಸಿದ್ದಾನೆ. ಇಂಗ್ಲಿಷಿನಲ್ಲಿ ಗಾಳದ ಕುರಿತು ಮೊದಲ ಪುಸ್ತಕ ಅಚ್ಚಾದುದು 1496ರಲ್ಲಿ. ಮತ್ಸ್ಯವಿನೋದದ ಬೆಲೆಯನ್ನು ವಿದ್ವಾಂಸ ಲೋಕಕ್ಕೆ ತಿಳಿಸಿದವರು ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ, 1951ರಲ್ಲಿ. ನಮ್ಮ ಸೀಮೆಯ ಅರಸ ಬರೆದ ಪಾಠವನ್ನು ನಮ್ಮ ಮಕ್ಕಳು ಹೆಸರಿನಿಂದಲೂ ಅರಿಯದಿರುವುದು ನಮಗೆ ನೋವಿನ ಸಂಗತಿ.

ಕೂಡ್ರುವ ರೀತಿಯೂ ಮುಖ್ಯ. ನೀರಿನಲ್ಲಿ ಅರ್ಧ ಮುಳುಗಿದ ಕೋಲು ಬಾಗಿದಂತೆ ಕಾಣುವುದನ್ನು ವಿಜ್ಞಾನದ ತಾಸಿನಲ್ಲಿ ಕಲಿತಿದ್ದೀರಿ. ಬೆಳಕು ಬಾಗುವುದರಿಂದ ಮೀನಿಗೆ ಮೇಲಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಎತ್ತರಕ್ಕೆ ನಿಂತವನು ಆ ಕಿಟಕಿಯಲ್ಲಿ ಬೇಗ ಬೀಳುತ್ತಾನೆ, ತಗ್ಗಿ ಕುಳಿತವನು ಅಂಚಿನಲ್ಲಿ ಮಸುಕಾಗುತ್ತಾನೆ. ಮೀನಿನ ಮೈಯ ಎರಡೂ ಪಕ್ಕೆಗೆ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ನಡುಕವನ್ನು ಅದು ಆ ಗೆರೆಯಿಂದ ಅರಿಯುತ್ತದೆ. ಮಾತಿಗಿಂತ ದಂಡೆಯ ಮೇಲೆ ಧಪ್ ಧಪ್ ಎಂದು ನಡೆಯುವುದೇ ಮೀನನ್ನು ಹೆಚ್ಚು ಓಡಿಸುತ್ತದೆ. ನಮ್ಮ ಬಿಸಿಲಿಗೆ ಮಧ್ಯಾಹ್ನ ಮೀನೂ ಇಲ್ಲ, ಹುಡುಗರ ತಲೆಗೂ ಕ್ಷೇಮವಿಲ್ಲ. ಬೆಳಿಗ್ಗೆ, ಇಳಿಹೊತ್ತು ಇವೇ ಸರಿಯಾದ ವೇಳೆ. ಗುಡುಗಿನ ಸದ್ದು ಕೇಳಿದ ಕೂಡಲೆ ಕೋಲು ಕೆಳಗಿಟ್ಟು ಊರ ದಾರಿ ಹಿಡಿಯಬೇಕು. ಬಯಲಿನಲ್ಲಿ ತೋಯ್ದ ಉದ್ದ ಕೋಲು ಸಿಡಿಲನ್ನು ಕರೆದಂತೆ.

ಎಲ್ಲಿ, ಯಾವಾಗ ಹಾಕಬಾರದು ಎಂಬುದನ್ನೂ ತಿಳಿಯಬೇಕು. ಸೊಲ್ಲಾಪುರದ ಸಿದ್ಧೇಶ್ವರ ಕೆರೆ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕಟ್ಟಿಸಿದ್ದು. ದೇವಸ್ಥಾನದ ಅಂಥ ನೀರಿನಲ್ಲಿ ಗಾಳ ಹಾಕುವುದು ಸಲ್ಲದು. ಉಳಿದ ಎಷ್ಟೋ ಕೆರೆಗಳ ಮೀನನ್ನು ಮೀನುಗಾರರ ಸಹಕಾರಿ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ಮರಿಗಳನ್ನು ಹಣ ಕೊಟ್ಟು ತಂದು ಬಿಟ್ಟವರು ಅವರು. ಅವರನ್ನು ಕೇಳದೆ ಹಿಡಿದದ್ದು ಇನ್ನೊಬ್ಬರ ಹೊಲದ ತೆನೆ ಮುರಿದದ್ದಕ್ಕೆ ಸಮ. ಕೇಳಿದರೆ ಹುಡುಗರಿಗೆ ಇಲ್ಲ ಎನ್ನುವವರು ಕಡಿಮೆ. ನಾವು ಬಾಲ್ಯದಲ್ಲಿ ಭೀಮೆಯ ದಂಡೆಯ ಅಂಬಿಗರೊಬ್ಬರನ್ನು ಕಾಕಾ ಎಂದು ಕರೆಯುತ್ತ ಅವರ ಹಿಂದೆ ತಿರುಗಿದೆವು. ಮೇಲೆ ಬರೆದುದರಲ್ಲಿ ಅರ್ಧ ಅವರಿಂದ ಕಲಿತದ್ದು.

ಅವರೇ ಒಮ್ಮೆ ನಮ್ಮ ಕೈ ಹಿಡಿದು ನಿಲ್ಲಿಸಿದ್ದು ನೆನಪಿದೆ. ಮಳೆಗಾಲದ ಬೆಳಗು. ಜೊಂಡಿನ ಮಗ್ಗುಲಲ್ಲಿ ನೀರಿನ ಮೇಲೆ ಕೆಂಪು ಬಣ್ಣದ ಏನೋ ಒಂದು ಮುದ್ದೆ ಕುದಿಯುತ್ತಿದ್ದಂತೆ ಕಂಡಿತು. ಅದು ಕೊರವ ಮೀನಿನ ಮರಿಗಳ ಹಿಂಡು. ಮರಾಠಿಯಲ್ಲಿ ಮರಳ ಎನ್ನುವುದು ಇದನ್ನೇ. ಈ ಮೀನು ಗಾಳಿಯನ್ನೂ ಉಸಿರಾಡಬಲ್ಲದು, ಮರಿಗಳನ್ನು ತಂದೆತಾಯಿ ಎರಡೂ ಕೆಳಗೆ ನಿಂತು ಕಾಯುತ್ತವೆ. ಆಗ ಅವು ಹತ್ತಿರ ಬಂದುದನ್ನೆಲ್ಲ ಕಚ್ಚುತ್ತವೆ. ಆದ್ದರಿಂದ ಹಿಡಿಯುವುದು ಬಹಳ ಸುಲಭ. ಹಿಡಿದರೆ ಉಳಿದ ಮರಿಗಳು ಕಪ್ಪೆಗೂ ಹಕ್ಕಿಗೂ ಆಹಾರ. “ಇದಕ್ಕ ಗಾಳ ಹಾಕಬಾರದೋ ತಮ್ಮಾ” ಎಂದಷ್ಟೇ ಅವರು ಹೇಳಿದರು. ಮೃಗಶಿರಾದಿಂದ ಮುಂದೆ ಮೊಟ್ಟೆ ಇಡುವ ಕಾಲದಲ್ಲಿ ಹೊಸ ನೀರಿಗೆ ಎದುರೇರಿ ಬರುವ ಮೀನುಗಳನ್ನು ಬುಟ್ಟಿಗಟ್ಟಲೆ ಬಾಚುವುದನ್ನು ಇಂದಿಗೂ ಕಾಣುತ್ತೇವೆ. ಆ ತಿಂಗಳುಗಳಲ್ಲಿ ಗಾಳವನ್ನು ತೊಲೆಗೆ ಸಿಕ್ಕಿಸಿಡುವುದೇ ಸರಿ. ಆಗ ಹೊಳೆಯೂ ಅಪಾಯದ್ದೇ.

ಸಿಕ್ಕಿದ್ದನ್ನೆಲ್ಲ ಕೈಯಿಂದ ಹಿಡಿಯಬೇಡಿರಿ. ಕಪ್ಪು ಮೈಯ, ನಾಲ್ಕು ಜೋಡಿ ಮೀಸೆಯ ಚೇಳುಮೀನು (ಮರಾಠಿಯ ಶಿಂಗಿ) ಎದೆಯ ಈಜುರೆಕ್ಕೆಯ ಮುಳ್ಳಿನಿಂದ ಚುಚ್ಚಿದರೆ ಚೇಳು ಕುಟುಕಿದಂತೆಯೇ ಉರಿಯುತ್ತದೆ. ಚುಚ್ಚಿದ ಭಾಗವನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರ ಕಡೆಗೆ ಹೋಗಬೇಕು. ಕೊಕ್ಕೆ ಬೆರಳಿಗೆ ಹೊಕ್ಕರೆ ಕಿತ್ತೆಳೆಯದೆ, ದಾರ ಕತ್ತರಿಸಿ, ಹಾಗೆಯೇ ದವಾಖಾನೆಗೆ ನಡೆಯಿರಿ. ಆಮೆ ಸಿಕ್ಕಿಬಿದ್ದರೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ನೀರಿಗೆ ಬಿಡಬೇಕು. ನಮ್ಮ ಹೊಳೆಯ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆಯಿದೆ. ಹರಿದ ತಂಗೂಸನ್ನು ದಂಡೆಯಲ್ಲಿ ಬಿಡದೆ ಜೇಬಿನಲ್ಲಿಟ್ಟು ತನ್ನಿರಿ. ಅದು ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರಿಲ್ಲ.

ನಮ್ಮ ಶಾಲೆಯ ಅನೇಕ ಮಕ್ಕಳ ಮನೆಯಲ್ಲಿ ಮೀನು ತಿನ್ನುವುದಿಲ್ಲ. ತಿನ್ನದವರು ಹಿಡಿಯುವುದೇಕೆ ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಥವರು ಕೊಕ್ಕೆಯಿಲ್ಲದ ದಾರಕ್ಕೆ ಹಿಟ್ಟು ಕಟ್ಟಿ ಬಿಟ್ಟು, ಬೆಂಡು ಹೇಗೆ ಅಲುಗುತ್ತದೆಂದು ನೋಡಲಿ. ಚಿಲಾಪಿ ಟುಕುಟುಕು ಎಂದು ಕುಟ್ಟುವುದು, ಮೃಗಾಲ ಮೆಲ್ಲಗೆ ಬೆಂಡನ್ನು ಪಕ್ಕಕ್ಕೆ ಒಯ್ಯುವುದು, ಇವೆರಡರ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಅಷ್ಟರಮಟ್ಟಿಗೆ ನೀರಿನ ಓದು ಬಂದಂತೆಯೇ.

ಮುರಿದ ಕೋಲಿನ ಹುಡುಗ ಸಂಕ್ರಾಂತಿಯ ಗಡ್ಡಾ ಯಾತ್ರೆ ಮುಗಿದ ಮೇಲೆ ಒಂದು ನೋಟಬುಕ್ಕು ತಂದು ತೋರಿಸಿದ. ನಾಲ್ಕು ರವಿವಾರ ತಂದೆಯ ಸಂಗಡ ಒಡ್ಡಿನ ಕಲ್ಲಿನ ಮೇಲೆ ಕುಳಿತದ್ದರ ಲೆಕ್ಕ ಅದು. ವೇಳೆ, ಗಾಳಿಯ ದಿಕ್ಕು, ಎರೆ, ಆಳ ಎಲ್ಲ ಗೆರೆ ಹೊಡೆದು ಬರೆದಿದ್ದ. ‘ಸಿಕ್ಕ ಮೀನು’ ಎಂಬ ಸಾಲಿನಲ್ಲಿ ಮೂರು ಸೊನ್ನೆ, ಒಂದು ಎರಡು. ಹಿಟ್ಟು ಯಾರು ನಾದಿಕೊಟ್ಟರೆಂದು ಕೇಳಿದೆವು. “ಅವ್ವನರಿ” ಎಂದ.